ಗುಡ್ಲಿನ ಹೊರಗೆ ಕೊಟ್ಟ ಮಾತು

ಕೃಷ್ಣಗಿರಿ
9 ನವೆಂಬರ್ 2003

ಮಾವ,

ಕ್ಷೇಮಸಮಾಚಾರ ಬರೆಯುವ ತಾಳ್ಮೆ ಇವತ್ತು ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಅಮ್ಮ ಹಾಸ್ಟೆಲಿಗೆ ಫೋನ್ ಮಾಡಿದ್ದಳು. ಮುಂದಿನ ತಿಂಗಳು ಹದಿನಾಲ್ಕಕ್ಕೆ, ಧನುರ್ಮಾಸ ಹುಟ್ಟುವ ಮೊದಲು, ವೀಳ್ಯಶಾಸ್ತ್ರ ಮುಗಿಸಿಬಿಡುವುದಂತೆ. ಮಾಘದಲ್ಲಿ ಮದುವೆಯಂತೆ. ಕನಕಪುರದ ನೆಂಟರೆಲ್ಲ ಹಿಂದಿನ ದಿನ ಶನಿವಾರವೇ ಮತ್ತಿಗಿರಿಗೆ ಬಂದು ಇಳಿಯುತ್ತಾರಂತೆ. ಯಾರ ಮದುವೆ ಎಂದು ಕೇಳಿದೆ. "ನಿಂದೇ ಕಣೇ, ಇನ್ಯಾರ್ದು" ಅಂದಳು. ಗಂಡು ಯಾರು ಎಂದದ್ದಕ್ಕೆ ನಕ್ಕಳು. ಏನೂ ಗೊತ್ತಿಲ್ಲದವಳ ಹಾಗೆ ಆಡುತ್ತೇನೆ ಎಂದು ಬೈದಳು. ಆಮೇಲೆ ನಿನ್ನ ಹೆಸರು ಹೇಳಿದಳು.

ಮಾವ, ನನ್ನ ಮೂಗು ಒರೆಸಿದವನು ನೀನು. ಒಂದನೇ ಕ್ಲಾಸಿಗೆ ಹೋಗುವುದಿಲ್ಲ ಎಂದು ಅತ್ತಾಗ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟುಬಂದವನು ನೀನು. ಅಮ್ಮ ತಾಯಿಯಿಲ್ಲದ ತಮ್ಮನೆಂದು ನಿನ್ನನ್ನು ಸಾಕಿದಳು, ನೀನು ನನ್ನನ್ನು ಸಾಕಿದೆ. ಇಲ್ಲಿಯ ಹುಡುಗಿಯರು ನಿನ್ನ ಕಾಗದ ಬಂದಾಗಲೆಲ್ಲ "ಮುರೈ ಮಾಮನ್ ಲೆಟರ್" ಎಂದು ರೇಗಿಸುತ್ತಾರೆ. ಹೆಣ್ಣಿನ ಮೇಲೆ ಹಕ್ಕಿರುವ ಸೋದರಮಾವನಿಗೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ನಮ್ಮ ಮಾವ ಅಂಥವನಲ್ಲ ಎಂದು ಎರಡು ವರ್ಷದಿಂದ ಅವರ ಜೊತೆ ಜಗಳ ಆಡಿದ್ದೇನೆ. ಈಗ ಅವರ ಮುಖ ನೋಡುವುದು ಹೇಗೆ?

ಏಪ್ರಿಲಿನಲ್ಲಿ ನನ್ನ ಕೊನೆಯ ಪರೀಕ್ಷೆ. ಅದೊಂದು ಮುಗಿದರೆ ಯಾವ ಆಸ್ಪತ್ರೆಯಲ್ಲಾದರೂ ಲ್ಯಾಬಿನಲ್ಲಿ ನಿಂತು ಕೆಲಸ ಮಾಡಬಲ್ಲೆ. ಮದುವೆ ಗೊತ್ತಾದ ಮೇಲೆ ಪರೀಕ್ಷೆ ಯಾಕೆ ಎನ್ನುತ್ತಾಳೆ ಅಮ್ಮ.

ನಿನಗೂ ಗೊತ್ತಿಲ್ಲದೆ ಇದನ್ನೆಲ್ಲ ಮಾಡುತ್ತಿದ್ದಾರೆ ಎಂದುಕೊಂಡಿದ್ದೇನೆ. ನೀನು ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿರಬೇಕು. ನಕ್ಕಾದ ಮೇಲೆ ಅಮ್ಮನ ಹತ್ತಿರ ಹೋಗಿ ಗದರಿಸು. ಮನೆಗೆ ಬರೆದರೆ ಅವಳೇ ಒಡೆದು ನೋಡುತ್ತಾಳೆ, ಅದಕ್ಕೆ ಎಂದಿನಂತೆ ದೊಡ್ಡಣ್ಣನ ಟೀ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ.

ಸಿಂಧು


ಮತ್ತಿಗಿರಿ
16 ನವೆಂಬರ್ 2003

ಸಿಂಧು ಕೂಸಿಗೆ ಮಾವನ ಆಶೀರ್ವಾದ.

ಕಾಗದ ಬಂದು ನಾಲ್ಕು ದಿನವಾಯಿತು. ಈ ವಾರ ಸೆಕೆಂಡ್ ಶಿಫ್ಟು, ಕುಲುಮೆಯ ಹತ್ತಿರ ನಿಂತು ಬಂದರೆ ಬರೆಯಲು ಕೈ ಏಳುವುದಿಲ್ಲ. ನಿನ್ನ ತಂಗಿ ಸಿಂಚನಾ ಹತ್ತನೇ ಕ್ಲಾಸಿನ ಅರ್ಧವಾರ್ಷಿಕಕ್ಕೆ ಓದುತ್ತಿದ್ದಾಳೆ. ಅಕ್ಕನ ಮಂಡಿನೋವು ಹಾಗೇ ಇದೆ. ಭಾವನಿಗೆ ಕಾರ್ಖಾನೆಯ ಲೈನಿನಲ್ಲಿ ಮೇಸ್ತ್ರಿ ಕೆಲಸ ಕೊಟ್ಟಿದ್ದಾರೆ.

ನೀನು ಬರೆದ ವಿಷಯ ನನಗೆ ಗೊತ್ತಿತ್ತು. ದೀಪಾವಳಿಗೆ ನೀನು ಬಂದಾಗಲೇ ಹೇಳಬೇಕಿತ್ತು, ಅಕ್ಕನೇ ಹೇಳಲಿ ಎಂದು ಸುಮ್ಮನಾದೆ. ನೀನು ಗಾಬರಿ ಆಗಬೇಡ. ನಿನ್ನ ಓದಿಗೆ ಏನೂ ತೊಂದರೆ ಇಲ್ಲ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಪರೀಕ್ಷೆ ಬರೆಯಬಹುದು, ನಾನೇ ಓದಿಸುತ್ತೇನೆ. ಹೊರಗಿನವನಾದರೆ ಒಂದೇ ದಿನಕ್ಕೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿಸುತ್ತಾನೆ. ನನ್ನ ಹತ್ತಿರ ನಿನಗೆ ಏನು ಭಯ? ನೀನು ಬೇಡವೆಂದದ್ದನ್ನು ನಾನು ಯಾವತ್ತು ಮಾಡಿದ್ದೇನೆ?

ಎಲ್ಲ ಯೋಚಿಸಿಯೇ ಒಪ್ಪಿದ್ದೇನೆ. ಊಟ ಸರಿಯಾಗಿ ಮಾಡು.

ಇತಿ ನಿನ್ನ ಮಾವ
ದೇವರಾಜು


ಕೃಷ್ಣಗಿರಿ
19 ನವೆಂಬರ್ 2003

ದೇವರಾಜು ಅವರಿಗೆ,

ಇನ್ನು ಮೇಲೆ ನಿಮ್ಮನ್ನು ಬಹುವಚನದಲ್ಲೇ ಕರೆಯುತ್ತೇನೆ. ಗಂಡನಾಗುವವರಿಗೆ ಹಾಗೆಯೇ ತಾನೆ ಬರೆಯಬೇಕು?

ಓದಿಸುತ್ತೀರಂತೆ. ಎಂಥ ಧಾರಾಳ ಮನಸ್ಸು ನಿಮ್ಮದು. ನಾನು ಈಗಾಗಲೇ ಓದುತ್ತಿದ್ದೇನೆ. ನಿಲ್ಲಿಸುತ್ತಿರುವವರು ನೀವು. ನನ್ನ ಕೈಯಲ್ಲಿರುವುದನ್ನು ಕಿತ್ತುಕೊಂಡು ಅದನ್ನೇ ಮುಂದಿನ ವರ್ಷ ನನಗೆ ದಾನ ಕೊಡುತ್ತೀರಿ, ನಾನು ಕಾಲಿಗೆ ಬೀಳಬೇಕು. ನೀವು ಹೇಳಿದ್ದೇನು, ನಾನು ಬೇಡವೆಂದದ್ದನ್ನು ಯಾವತ್ತೂ ಮಾಡಿಲ್ಲವೆಂದು ಅಲ್ಲವೇ? ನಾನು ಬೇಡವೆಂದು ಬರೆದ ಕಾಗದಕ್ಕೇ ಉತ್ತರವಾಗಿ ಇದನ್ನು ಬರೆದಿದ್ದೀರಿ.

ಎಲ್ಲ ಯೋಚಿಸಿ ಒಪ್ಪಿದಿರಂತೆ. ಯಾರ ಜೊತೆ ಕೂತು ಯೋಚಿಸಿದಿರಿ? ಅಮ್ಮನ ಜೊತೆ, ಅಪ್ಪನ ಜೊತೆ, ಪಂಚಾಂಗದ ಜೊತೆ. ನನ್ನನ್ನು ಬಿಟ್ಟು ಎಲ್ಲರ ಜೊತೆ.

ಇದರೊಳಗೆ ಅಂಟಿಸಿದ ಇನ್ನೊಂದು ಲಕೋಟೆ ಇದೆ. ಅಪ್ಪನಿಗೆ ಬರೆದದ್ದು. ಮನೆಯ ವಿಳಾಸಕ್ಕೆ ಕಳಿಸಿದರೆ ಅಮ್ಮ ಬಚ್ಚಿಡುತ್ತಾಳೆ, ಅದಕ್ಕೆ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಇದು ಸಿಕ್ಕ ದಿನವೇ ಅಪ್ಪನಿಗೆ ತಲುಪಿಸಬೇಕು. ನನ್ನ ಕ್ಲಾಸಿನ ಹುಡುಗನೊಬ್ಬನ ಜೊತೆ ರಿಜಿಸ್ಟರ್ ಮದುವೆ ಆಗಿಹೋಗಿದೆ ಎಂದು ಅದರಲ್ಲಿ ಬರೆದಿದ್ದೇನೆ. ಸುಳ್ಳೇ. ಆದರೆ ನಿಜ ಹೇಳಿದರೆ ಕೇಳುವವರು ಯಾರಿದ್ದಾರೆ ನಮ್ಮ ಮನೆಯಲ್ಲಿ? ಅವರು ಹುಡುಕಿಕೊಂಡು ಬರುವಷ್ಟರಲ್ಲಿ ನಾನು ಇಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಗುತ್ತೇನೆ ಎಂದು ನಿಮಗೆ ಹೇಳುವುದಿಲ್ಲ.

ಸಿಂಧು


ಮತ್ತಿಗಿರಿ
25 ನವೆಂಬರ್ 2003

ಸಿಂಧು,

ನಿನ್ನ ಲಕೋಟೆ ನನ್ನ ಟ್ರಂಕಿನಲ್ಲಿದೆ. ಒಡೆದಿಲ್ಲ, ಕೊಟ್ಟೂ ಇಲ್ಲ. ಕೋಪ ಇಳಿದ ಮೇಲೂ ಕೊಡು ಎಂದರೆ ಅವತ್ತೇ ಭಾವನ ಕೈಗೆ ಇಡುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಭಾವನ ಸಿಟ್ಟು ನಿನಗೆ ಗೊತ್ತು. ಅದನ್ನು ಓದಿದ ಗಳಿಗೆಯಲ್ಲೇ ನಾಲ್ಕು ಜನರನ್ನು ಕಟ್ಟಿಕೊಂಡು ಕೃಷ್ಣಗಿರಿಗೆ ಬರುತ್ತಾರೆ. ನಿನ್ನ ಕ್ಲಾಸಿನಲ್ಲಿ ಹುಡುಗರು ಇರುವುದೇ ಐದೋ ಆರೋ ಎಂದು ನೀನೇ ಹೇಳಿದ್ದೆ. ಅವರಲ್ಲಿ ಯಾರ ಕಾಲು ಮುರಿಯುತ್ತಾರೆ? ಆಮೇಲೆ ಸಿಂಚನಾಳ ಸ್ಕೂಲು ಬಿಡಿಸುತ್ತಾರೆ. ನೀನು ಓಡಿಹೋದರೆ ನಿನ್ನ ಪಾಲಿನದನ್ನು ಅವಳು ಅನುಭವಿಸಬೇಕಾಗುತ್ತದೆ. ಇದನ್ನು ನೀನು ಯೋಚಿಸಿದ ಹಾಗೆ ಕಾಣಲಿಲ್ಲ.

ಕೋಪದಲ್ಲಿ ಆಡಿದ ಮಾತು ಏನು ಮಾಡುತ್ತದೆ ಎಂದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ಈ ಮದುವೆಯ ಮಾತು ಹುಟ್ಟಿದ್ದು ಅಕ್ಕನಿಂದಲ್ಲ. ನನ್ನಿಂದ. ಇಷ್ಟು ದಿನ ಇದನ್ನು ನಿನಗೆ ಹೇಳುವ ಧೈರ್ಯ ಬರಲಿಲ್ಲ.

ಆರು ವರ್ಷದ ಹಿಂದೆ ನೀನು ದೊಡ್ಡವಳಾದಾಗ ಹಿತ್ತಲಿನಲ್ಲಿ ಗುಡ್ಲು ಹಾಕಿದೆವಲ್ಲ, ಅವತ್ತಿನ ಮಾತು. ಸೋದರಮಾವನೇ ಹಸಿ ಗರಿ ತಂದು ಕಟ್ಟಬೇಕು ಎಂದು ಅಕ್ಕ ಹೇಳಿದಳು, ಕಟ್ಟಿದೆ. ನಿನ್ನನ್ನು ಒಳಗೆ ಕೂರಿಸಿದ್ದರು. ಹೊರಗೆ ಕನಕಪುರದ ಪಾಪಣ್ಣ ಬಂದು ಕೂತಿದ್ದ, ನಿಮ್ಮಪ್ಪನ ಕಡೆಯ ನೆಂಟ. ಅವನ ಮಗನಿಗೆ ಆಗಲೇ ಮೂವತ್ತು. ಮೊದಲ ಹೆಂಡತಿ ಹೊಡೆತ ತಾಳಲಾರದೆ ತವರಿಗೆ ಹೋಗಿದ್ದಳು. ಹುಡುಗಿ ಮೈನೆರೆದಳಲ್ಲ, ಇನ್ನೆರಡು ವರ್ಷಕ್ಕೆ ನಮ್ಮ ಮನೆಗೇ ಕಳಿಸಿಬಿಡಿ ಎಂದು ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದ. ಭಾವ ಇಲ್ಲ ಎನ್ನಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನೀನಿನ್ನೂ ಹದಿಮೂರು ವರ್ಷದ ಮಗು. ಅವನ ಕುತ್ತಿಗೆ ಪಟ್ಟಿ ಹಿಡಿಯಲು ಹೋದೆ, ಜನ ಇದ್ದರು. ಕೈ ತಡೆದುಕೊಂಡೆ, ಬಾಯಿ ತಡೆದುಕೊಳ್ಳಲಿಲ್ಲ. "ನಮ್ ಹೆಣ್ಣು ಹೊರಕ್ಕೆ ಹೋಗಕ್ಕಿಲ್ಲ. ನಂಗೇ" ಅಂದುಬಿಟ್ಟೆ.

ಅವನು ಎದ್ದುಹೋದ. ಹೆಂಗಸರು ನಕ್ಕರು. ನಿಮ್ಮ ದೊಡ್ಡತ್ತೆ ಚಿಕ್ಕತಾಯಮ್ಮ, ಎಲ್ಲರೂ ಕೇಳಿಸಿಕೊಳ್ಳಿ, ಗಂಡು ಮಾತು ಕೊಟ್ಟಾಯಿತು ಎಂದರು. ಅಕ್ಕ ಸಂತೋಷಕ್ಕೆ ಅತ್ತಳು. ಅದು ಸಿಟ್ಟಿನ ಮಾತೆಂದು ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ಆರು ವರ್ಷ ಕಳೆದೆ. ಈಗ ಇಲ್ಲವೆಂದರೆ ಹೆಣ್ಣಿನಲ್ಲಿ ಏನೋ ಐಬು ಇರಬೇಕು, ಸೋದರಮಾವನೇ ಬೇಡವೆಂದ ಎನ್ನುತ್ತಾರೆ. ಆ ಮಾತು ನಿನ್ನ ತಲೆಗೆ ಬರಬಾರದು ಎಂದು ಒಪ್ಪಿದ್ದೇನೆ.

ದೇವರಾಜು


ಕೃಷ್ಣಗಿರಿ
29 ನವೆಂಬರ್ 2003

ಮಾವ,

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಸರದಿ.

ಆ ಲಕೋಟೆಯಲ್ಲಿ ನಾನು ಒಂದು ಹೆಸರು ಬರೆದಿದ್ದೆ. ವೆಂಕಿ ಎಂದು, ನಮ್ಮ ಕ್ಲಾಸಿನವನು, ಸೂಳಗಿರಿಯ ಹುಡುಗ. ನನಗೆ ಜ್ವರ ಬಂದಾಗ ಒಂದು ವಾರದ ನೋಟ್ಸು ಬರೆದುಕೊಟ್ಟಿದ್ದ, ಅಷ್ಟೇ ಪರಿಚಯ. ಸುಳ್ಳು ನಂಬುವಂತಿರಬೇಕೆಂದು ನಿಜವಾದ ಹೆಸರೇ ಹಾಕಿದೆ. ನಿನ್ನ ಕಾಗದ ಓದಿದ ದಿನ ಲ್ಯಾಬಿನಲ್ಲಿ ಅವನು ನನ್ನ ಪಕ್ಕದಲ್ಲೇ ನಿಂತು ಸ್ಲೈಡು ನೋಡುತ್ತಿದ್ದ. ಅಪ್ಪ ಬಂದಿದ್ದರೆ ಅವನಿಗೆ ಯಾಕೆ ಹೊಡೆಯುತ್ತಿದ್ದಾರೆ ಎಂಬುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಸುಟ್ಟುಹಾಕು. ಕೊಡದೆ ಇಟ್ಟುಕೊಂಡದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ.

ಉಳಿದದ್ದಕ್ಕೆಲ್ಲ ಇದೆ. ಗುಡ್ಲಿನ ಒಳಗೆ ಕೂತಿದ್ದವಳು ನಾನು. ಹೊರಗೆ ಎಲ್ಲರೂ ನಕ್ಕದ್ದು ನನಗೆ ಕೇಳಿಸಿತ್ತು. ಏನೆಂದು ಸಿಂಚನಾಳನ್ನು ಕೇಳಿದ್ದೆ. ಮಾವ ಏನೋ ತಮಾಷೆ ಮಾಡಿದ ಎಂದಳು, ನಾನೂ ಒಳಗೇ ನಕ್ಕೆ. ಮೂರು ಮಾರು ದೂರದಲ್ಲಿ ನನ್ನ ಬದುಕು ತೀರ್ಮಾನವಾಗಿದೆ, ನನಗೆ ಕೊಟ್ಟದ್ದು ಎಳ್ಳಿನ ಚಿಗಳಿ ಉಂಡೆ. ಪಾಪಣ್ಣನಿಗೆ ಕೊಡುವುದಿಲ್ಲ ಎಂದೆಯಲ್ಲ, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳಿನ್ನೂ ಮಗು, ಎದ್ದು ಹೋಗು ಅನ್ನಬಹುದಿತ್ತು. ಒಬ್ಬನ ಬಾಯಿಂದ ಬಿಡಿಸಿ ಇನ್ನೊಬ್ಬನ ಬಾಯಿಗೆ ಹಾಕುವುದನ್ನೇ ನೀವೆಲ್ಲ ರಕ್ಷಣೆ ಎನ್ನುತ್ತೀರಿ.

ನನಗೆ ಕೆಟ್ಟ ಹೆಸರು ಬರಬಾರದೆಂದು ಒಪ್ಪಿದೆಯಂತೆ. ನನ್ನನ್ನು ಒಂದು ಮಾತು ಕೇಳಿದ್ದರೆ ಆ ಹೆಸರು ಬರಲಿ ಬಿಡು ಎನ್ನುತ್ತಿದ್ದೆ. ನೀನು ಕೇಳಲಿಲ್ಲ. ನಾನು ಕೇಳುತ್ತೇನೆ. ಅಕ್ಕ, ಭಾವ, ಜನ, ಮಾತು ಇವು ಯಾವುದನ್ನೂ ಬರೆಯದೆ ಒಂದೇ ಸಾಲಿನಲ್ಲಿ ಉತ್ತರ ಕೊಡು. ನಿನಗೆ ಈ ಮದುವೆ ಬೇಕೋ ಬೇಡವೋ?

ಸಿಂಧು


ಮತ್ತಿಗಿರಿ
2 ಡಿಸೆಂಬರ್ 2003

ಸಿಂಧು,

ಬೇಡ.

ಈ ಒಂದು ಮಾತು ಬರೆಯಲು ಟೀ ಅಂಗಡಿಯಲ್ಲಿ ಎರಡು ತಾಸು ಕೂತೆ. ನೀನು ನನ್ನ ಕಣ್ಣಿಗೆ ಈಗಲೂ ಹೆಗಲ ಮೇಲೆ ಕೂತ ಕೂಸೇ. ವೀಳ್ಯದ ಸೀರೆ ಆರಿಸು ಎಂದು ಅಕ್ಕ ಹೊಸೂರಿನ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಸೀರೆ ಹಿಡಿದ ಕೈ ನಾಚಿಕೆಯಿಂದ ಬೆವೆತುಹೋಯಿತು. ಇದನ್ನು ಯಾರಿಗೂ ಹೇಳಿಲ್ಲ.

ಈಗ ಒಂದು ದಾರಿ ಕಂಡಿದೆ. ಶ್ರೀಪೆರಂಬದೂರಿನ ಕಡೆ ಹೊಸ ಕಾರ್ಖಾನೆಗೆ ಆಳು ತೆಗೆದುಕೊಳ್ಳುತ್ತಿದ್ದಾರೆ. ಹತ್ತನೇ ತಾರೀಖು ಯಾರಿಗೂ ಹೇಳದೆ ಬಸ್ಸು ಹತ್ತುತ್ತೇನೆ. ಗಂಡೇ ಹೋಗ್ಬುಟ್ಟ ಎಂದಮೇಲೆ ಶಾಸ್ತ್ರ ಎಲ್ಲಿಯದು? ತಪ್ಪೆಲ್ಲ ನನ್ನ ತಲೆಗೆ ಬರುತ್ತದೆ, ನೀನು ಸುರಕ್ಷಿತ. ಅಕ್ಕ ಸ್ವಲ್ಪ ದಿನ ಅಳುತ್ತಾಳೆ. ನೀನು ಏನೂ ಗೊತ್ತಿಲ್ಲದವಳ ಹಾಗೆ ಇರು.

ದೇವರಾಜು


ಕೃಷ್ಣಗಿರಿ
5 ಡಿಸೆಂಬರ್ 2003

ಮಾವ,

ಬೇಡ ಎಂದು ಬರೆದೆಯಲ್ಲ, ಓದಿ ಮಹಡಿಗೆ ಹೋಗಿ ಒಬ್ಬಳೇ ಅತ್ತುಬಂದೆ. ಕಳೆದುಹೋಗಿದ್ದ ಮಾವ ಸಿಕ್ಕಿದ ಹಾಗಾಯಿತು. ಮುಂದಿನ ಸಾಲುಗಳನ್ನು ಓದಿದಾಗ ಆ ಕಾಗದ ಹರಿದುಹಾಕಬೇಕು ಅನ್ನಿಸಿತು.

ನನಗೆ ಓಡಿಹೋಗಬೇಡ ಎಂದು ಎರಡು ಪುಟ ಬುದ್ಧಿ ಹೇಳಿದವನು ನೀನೇ ತಾನೆ? ಹೆಂಗಸು ಓಡಿದರೆ ಮನೆತನ ಹೋಯಿತು, ಗಂಡಸು ಓಡಿದರೆ ತ್ಯಾಗವೋ? ನೀನು ಮಾಯವಾದರೆ ಕನಕಪುರದಿಂದ ಬಂದ ನೆಂಟರು ಸುಮ್ಮನೆ ಹಿಂದಕ್ಕೆ ಹೋಗುತ್ತಾರೆಯೇ? ತಂದ ಎಲೆಯಡಿಕೆ ವ್ಯರ್ಥವಾಗಬಾರದೆಂದು ಅವರಲ್ಲೇ ಯಾರನ್ನೋ ಹಿಡಿದು ಕೂರಿಸುತ್ತಾರೆ. ಪಾಪಣ್ಣನ ಮಗನೂ ಬರಬಹುದು. ನನ್ನನ್ನು ಆ ತಟ್ಟೆಯ ಮುಂದೆ ಬಿಟ್ಟು ನೀನು ಬಸ್ಸಿನಲ್ಲಿ ಕೂತು ಪುಣ್ಯಾತ್ಮನಾಗುತ್ತೀಯ.

ಕಾಗದ ಬಂದಾಗಿನಿಂದ ಇದೇ ಯೋಚನೆ. ಮೊದಲು, ಭಾನುವಾರ ಎಲ್ಲರ ಎದುರಿಗೆ ತಟ್ಟೆ ಒದ್ದು ಹೋಗೋಣ ಅನ್ನಿಸಿತು. ಆ ಯೋಚನೆ ಎಷ್ಟು ರುಚಿಯಾಗಿತ್ತು ಎಂದರೆ ಕ್ಲಾಸಿನಲ್ಲಿ ಕೂತೇ ಎರಡು ಮೂರು ಸಲ ಒದ್ದೆ. ಆದರೆ ಅಷ್ಟು ಜನರ ಮುಂದೆ ಮಾನ ಹೋದರೆ ಅಪ್ಪ ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ತನ್ನ ಮಾನ ಉಳಿಸಿಕೊಳ್ಳುವುದನ್ನೇ ನೋಡುತ್ತಾರೆ. ನೆಂಟರು ಬರುವುದು ಶನಿವಾರ. ಶುಕ್ರವಾರ, ಹನ್ನೆರಡನೇ ತಾರೀಖು, ಪ್ರಾಕ್ಟಿಕಲ್ ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬತ್ತೀನಿ. ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದಿರುತ್ತಾರೆ. ಅಪ್ಪ, ಅಮ್ಮ, ನೀನು, ನಾನು, ನಾಲ್ಕೇ ಜನ. ನನ್ನದನ್ನು ನಾನು ಹೇಳುತ್ತೇನೆ, ನಿನ್ನದನ್ನು ನೀನು ಹೇಳು. ನನ್ನ ಪರವಾಗಿ ಏನೂ ಹೇಳಬೇಡ.

ಕಾಗದ ಬರೆದಷ್ಟು ಸುಲಭವಲ್ಲ ಅದು, ನನಗೂ ಭಯ ಇದೆ.

ಸಿಂಧು


ಕೃಷ್ಣಗಿರಿ
13 ಡಿಸೆಂಬರ್ 2003

ದೇವರಾಜು ಅವರಿಗೆ,

ನಿನ್ನೆ ನಾಲ್ಕು ಗಂಟೆಗೆ ಹೋದೆ. ಅಮ್ಮ ಕಜ್ಜಾಯಕ್ಕೆ ಪಾಕ ಇಟ್ಟಿದ್ದಳು. ಒಲೆ ಆರಿಸಿ ಬಾ ಎಂದೆ. ಅಪ್ಪನ ಎದುರು ಹೋಗಿ ನಿಂತೆ. "ಅಪ್ಪ, ನಾನು ಮಾವನ್ನ ಮದ್ವೆ ಆಗಕ್ಕಿಲ್ಲ. ಓಡೋಗದೂ ಇಲ್ಲ. ಏಪ್ರಿಲ್‌ಗೆ ಪರೀಕ್ಷೆ ಬರೀತೀನಿ, ಕೆಲ್ಸಕ್ಕೆ ಸೇರ್ತೀನಿ. ನಿಮ್ಗೆ ಹೇಳೇ ಮಾಡ್ತೀನಿ" ಅಂದೆ. ಅಳಲಿಲ್ಲ, ಕೂಗಲಿಲ್ಲ. ಅಪ್ಪ ಹೊಡೆಯುತ್ತಾರೆಂದು ಹಲ್ಲು ಕಚ್ಚಿಕೊಂಡಿದ್ದೆ. ಹೊಡೆಯಲಿಲ್ಲ. ದೇವರಾಜು ಏನನ್ನುತ್ತಾನೆ ಎಂದು ಒಂದೇ ಮಾತು ಕೇಳಿದರು.

ನಿಮ್ಮ ದಾರಿ ನೋಡಿದೆ. ಐದು ಗಂಟೆಯಾಯಿತು. ಐದೂವರೆಯಾಯಿತು. ಅವನು ಒಪ್ಪಿದ್ದಾನೆ, ಇವಳದೇನು ಎಂದು ಅಮ್ಮ ಮತ್ತೆ ಒಲೆ ಹಚ್ಚಿದಳು. ಪರೀಕ್ಷೆಯ ಅರ್ಜಿಗೆ ಪೋಷಕರ ಸಹಿ ಬೇಕು, ಐದು ಜನವರಿ ಕೊನೆ ದಿನ. ಅದನ್ನು ಮುಂದಿಟ್ಟೆ. ಹಾಕುವುದಿಲ್ಲ ಎಂದು ಅಪ್ಪ ಪಕ್ಕಕ್ಕೆ ತಳ್ಳಿದರು. ಭಾನುವಾರ ನಾನು ತಟ್ಟೆಯ ಮುಂದೆ ಬಂದು ಕೂರುವುದಿಲ್ಲ ಎಂದು ಹೇಳಿ ಆರು ಗಂಟೆಯ ಬಸ್ಸು ಹತ್ತಿದೆ. ಯಾರೂ ತಡೆಯಲಿಲ್ಲ.

ಶ್ರೀಪೆರಂಬದೂರಿನಲ್ಲಿ ಸುಖವಾಗಿರಿ.

ಸಿಂಧು


ಮತ್ತಿಗಿರಿ
16 ಡಿಸೆಂಬರ್ 2003

ಸಿಂಧು,

ನಾನು ಶ್ರೀಪೆರಂಬದೂರಿಗೆ ಹೋಗಲಿಲ್ಲ. ಶುಕ್ರವಾರ ಮೂರು ಗಂಟೆಯಿಂದ ದೊಡ್ಡಣ್ಣನ ಟೀ ಅಂಗಡಿಯಲ್ಲಿದ್ದೆ. ನೀನು ಮನೆಗೆ ಹೋಗುವುದನ್ನು ನೋಡಿದೆ. ಎದ್ದೆ, ಮತ್ತೆ ಕೂತೆ. ಅಕ್ಕನ ಮುಖ ಕಣ್ಣ ಮುಂದೆ ಬಂದರೆ ಕಾಲು ಏಳಲಿಲ್ಲ. ನೀನು ಬ್ಯಾಗು ಹಿಡಿದುಕೊಂಡು ಒಬ್ಬಳೇ ಬಸ್‌ಸ್ಟಾಪಿಗೆ ಹೋದದ್ದನ್ನೂ ನೋಡಿದೆ. ಕೂಗಬಹುದಿತ್ತು, ಕೂಗಲಿಲ್ಲ. ಇದಕ್ಕೆ ನೀನು ಏನು ಬೈದರೂ ನಾನು ಬೈದುಕೊಂಡಷ್ಟು ಆಗುವುದಿಲ್ಲ.

ಶನಿವಾರ ಸಂಜೆ ಹೋದೆ. ಆಗಲೇ ಕನಕಪುರದವರೆಲ್ಲ ಬಂದು ಕೂತಿದ್ದರು. ನಾಲ್ಕು ಜನರ ಎದುರು ಆಗುವ ಕೆಲಸವನ್ನು ಹದಿನೆಂಟು ಜನರ ಎದುರು ಮಾಡಿದೆ, ಆ ಕಷ್ಟ ನನಗೆ ಆಗಬೇಕಾದದ್ದೇ. ಈ ಮದುವೆ ನನಗೆ ಇಷ್ಟವಿಲ್ಲ, ಆರು ವರ್ಷದಿಂದ ಇಷ್ಟವಿರಲಿಲ್ಲ, ಹೇಳಲು ಹೆದರಿದ್ದೆ ಎಂದೆ. ಮಾತು ಕೊಟ್ಟು ಈಗ ತಪ್ಪುತ್ತೀಯ ಎಂದು ಭಾವ ಎದ್ದುನಿಂತರು. "ಅವತ್ತು ನಾನು ಕೊಟ್ಟಿದ್ದು ನನ್ ಮಾತಲ್ಲ ಭಾವ, ಅವ್ಳ್ ಮಾತು. ಅದು ನನ್ ಕೈಲಿರ್ಲಿಲ್ಲ ಕೊಡಕ್ಕೆ" ಅಂದೆ. ಹೆಣ್ಣಿನಲ್ಲಿ ಏನು ಐಬು ಕಂಡೆ ಎಂದು ಚಿಕ್ಕತಾಯಮ್ಮ ಕೇಳಿದರು. ಐಬು ನನ್ನಲ್ಲಿದೆ, ಹೇಡಿತನ ಎಂದೆ. ಯಾರೂ ನಗಲಿಲ್ಲ.

ಶಾಸ್ತ್ರ ನಿಂತಿತು. ಭಾನುವಾರ ಬೆಳಿಗ್ಗೆ ಎಲ್ಲರೂ ಹೊರಟುಹೋದರು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅನ್ನ ಹಾಕುತ್ತಾಳೆ, ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ನಾಲ್ಕು ವರ್ಷದವನಿದ್ದಾಗಿನಿಂದ ಅವಳು ನನ್ನ ಜೊತೆ ಹೀಗೆ ಇದ್ದದ್ದೇ ಇಲ್ಲ.

ಭಾವ ಅರ್ಜಿಗೆ ಸಹಿ ಹಾಕುವ ಹಾಗೆ ಕಾಣುವುದಿಲ್ಲ. ನೀನು ಯೋಚಿಸಬೇಡ. ಬರುವ ಭಾನುವಾರ ನಾನೇ ಕೃಷ್ಣಗಿರಿಗೆ ಬತ್ತೀನಿ. ಪೋಷಕ ಎಂದು ನಾನು ಸಹಿ ಹಾಕುತ್ತೇನೆ. ಅಷ್ಟಾದರೂ ಮಾಡಲು ಬಿಡು.

ನಿನ್ನ ಮಾವ
ದೇವರಾಜು


ಕೃಷ್ಣಗಿರಿ
19 ಡಿಸೆಂಬರ್ 2003

ಮಾವ,

ಟೀ ಅಂಗಡಿಯಲ್ಲಿ ಮೂರು ಗಂಟೆ ಕೂತದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಸ್ವಲ್ಪ ದಿನ ಬೇಕು. ಶನಿವಾರ ಒಳಗೆ ಹೋದೆಯಲ್ಲ, ಅದನ್ನು ಮಾತ್ರ ಎರಡು ಸಲ ಓದಿದೆ.

ಅಮ್ಮ ಮಾತಾಡದಿದ್ದರೂ ನೀನು ಮನೆ ಬಿಡಬೇಡ. ಅವಳು ಹಾಕಿದ ಅನ್ನ ಉಂಡು ಅಲ್ಲೇ ಕೂತಿರು. ಅವಳಿಗೂ ಯಾರೂ ಏನನ್ನೂ ಕೇಳದೆ ಹದಿನಾರಕ್ಕೆ ಮದುವೆ ಮಾಡಿದ್ದರು, ಅದು ತಪ್ಪು ಎಂದು ಈಗ ಒಪ್ಪಿಕೊಳ್ಳುವುದು ಅವಳಿಗೆ ಸುಲಭವಿಲ್ಲ.

ಈ ಭಾನುವಾರ ನೀನು ಬರಬೇಡ. ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೇ ಆಫೀಸಿಗೆ ಹೋಗಿದ್ದೆ, ಪೋಷಕರಾಗಿ ಸೋದರಮಾವ ಸಹಿ ಹಾಕಬಹುದೇ ಎಂದು ಕೇಳಲು. ಅಲ್ಲಿಯ ಗುಮಾಸ್ತೆ ಸಾಕಮ್ಮ ಅರ್ಜಿ ತಿರುಗಿಸಿ ನೋಡಿ, ನಿನ್ನ ವಯಸ್ಸೆಷ್ಟು ಎಂದು ಕೇಳಿದರು. ಹತ್ತೊಂಬತ್ತು ಎಂದೆ. ಹದಿನೆಂಟು ದಾಟಿದವಳಿಗೆ ಪೋಷಕರು ಯಾಕಮ್ಮ, ನೀನೇ ಹಾಕು ಎಂದು ತಮಿಳಿನಲ್ಲಿ ಹೇಳಿ ಪೆನ್ನು ಕೊಟ್ಟರು.

ಹೋದ ವರ್ಷವೂ ಇದೇ ಅರ್ಜಿ ಹಿಡಿದುಕೊಂಡು ಅಪ್ಪನ ಸಹಿಗೆಂದು ಕೃಷ್ಣಗಿರಿಯಿಂದ ಮತ್ತಿಗಿರಿಗೆ ಬಂದಿದ್ದೆ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಕಾದು, ಬೈಸಿಕೊಂಡು ಹಾಕಿಸಿದ್ದೆ. ಆಗಲೂ ನನಗೆ ಹದಿನೆಂಟಾಗಿತ್ತು. ಇದನ್ನು ನನಗೆ ಒಬ್ಬರೂ ಹೇಳಲಿಲ್ಲ ಮಾವ. ಅಪ್ಪ ಹೇಳಲಿಲ್ಲ, ವಾರ್ಡನ್ ಹೇಳಲಿಲ್ಲ, ನೀನೂ ಹೇಳಲಿಲ್ಲ. ನಾನಾದರೂ ಯಾರನ್ನೂ ಕೇಳಲಿಲ್ಲ. ಅಲ್ಲೇ ನಿಂತು ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಸಾಕಮ್ಮ ಗಾಬರಿಯಾದರು.

ಕಣ್ಣು ಒರೆಸಿಕೊಂಡು ಸಹಿ ನಾನೇ ಹಾಕಿ ಕೊಟ್ಟುಬಂದೆ.

ಸಿಂಧು